ಪದಚರ್ಚೆ: ‘ಬ್ರೇಕ್‌ಥ್ರೂ ಪೇನ್’ – ಮನೆಯವರಿಗೆ ಅರ್ಥವಾಗುವ ಕನ್ನಡ ಯಾವುದು?

ಬಳಗಕ್ಕೆ ನಮಸ್ಕಾರ.

ಕ್ಯಾನ್ಸರ್ ಉಲ್ಬಣಿಸಿ ಮನೆಯಲ್ಲೇ ಉಪಶಮನ ಆರೈಕೆ (ನೋವು, ಬಾಧೆ ತಗ್ಗಿಸುವ ಆರೈಕೆ) ಪಡೆಯುವವರ ಮನೆಮಂದಿಗಾಗಿ ಕನ್ನಡದಲ್ಲಿ ಎರಡು ಪುಟದ ತಿಳಿವಳಿಕೆ ಪತ್ರ ಸಿದ್ಧವಾಗುತ್ತಿದೆ. ‘ಬ್ರೇಕ್‌ಥ್ರೂ ಪೇನ್’ ಎಂಬಲ್ಲಿ ಕೆಲಸ ನಿಂತಿದೆ. ಹೊತ್ತು ಹೊತ್ತಿಗೆ ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಕೊಟ್ಟು ನೋವು ಹತೋಟಿಗೆ ಬಂದಿದ್ದರೂ ನಡುವೆ ತಟ್ಟನೆ ಏರಿ, ಕೆಲಹೊತ್ತು ಕಾಡಿ ಇಳಿಯುವ ನೋವು ಅದು.

ಕರಡಿನಲ್ಲಿ ‘ಭೇದಕ ವೇದನೆ’ ಎಂದಿದೆ. ಇದನ್ನು ಓದಿದವರು ಸೀಳುವಂಥ ನೋವು ಎಂದುಕೊಳ್ಳುತ್ತಾರೆ. ನೋವು ಎಂಥದು ಎಂದು ಹೇಳಿದಂತಾಯಿತು, ಯಾವಾಗ ಬರುತ್ತದೆ ಎಂದು ಹೇಳಿದಂತಾಗಲಿಲ್ಲ. ‘ಮುರಿದು ಬರುವ ನೋವು’ ಎಂಬ ಸಲಹೆಯೂ ಇದೆ. ಕ್ಯಾನ್ಸರ್ ಮೂಳೆಗೆ ಹರಡಿದವರ ಮನೆಯಲ್ಲಿ ಮೂಳೆಯೇ ಮುರಿಯಿತೆಂದು ಗಾಬರಿಯಾದೀತು. ‘ಹಠಾತ್ ನೋವು’ ಸುಲಭದ ಮಾತು, ಆದರೆ ಹೊಸ ಜಾಗದಲ್ಲಿ ಹೊಸದಾಗಿ ಶುರುವಾದ ನೋವಿಗೂ ಅದನ್ನೇ ಹೇಳುತ್ತೇವೆ. ಅಂಥದ್ದಕ್ಕೆ ವೈದ್ಯರಿಗೆ ಫೋನ್ ಮಾಡಬೇಕು, ಮಾತ್ರೆ ಕೊಟ್ಟು ಸುಮ್ಮನಾಗಬಾರದು. ‘ಒತ್ತರಿಸಿ ಬರುವ ನೋವು’ ಎಂದರೆ ಹೇಗೆ?

ನೋವು ಎಷ್ಟೆಂದು ಸೊನ್ನೆಯಿಂದ ಹತ್ತರವರೆಗೆ ಗುರುತಿಸುವ ಅಳತೆಪಟ್ಟಿಯಲ್ಲಿ 10ರ ಮುಂದೆ ‘ಕಲ್ಪನಾತೀತ ವೇದನೆ’ ಎಂದಿದೆ. ಅದನ್ನೂ ಬದಲಿಸಬೇಕು.

ಉತ್ತರ:

‘ಒತ್ತರಿಸಿ ಬರುವ ನೋವು’ ಚೆನ್ನಾಗಿದೆ, ಇಟ್ಟುಕೊಳ್ಳಿ. ತಡೆದಿಟ್ಟದ್ದು ತಡೆ ಮೀರಿ ಬಂತು ಎಂಬುದು ಆ ಮಾತಿನಲ್ಲೇ ಇದೆ. ಆದರೆ ಮಾತ್ರೆಗಳ ನಡುವೆ ಬರುವ ಎಲ್ಲ ನೋವನ್ನೂ ಈ ಒಂದೇ ಹೆಸರಿನಡಿ ತುರುಕಬೇಡಿ. ಮಗ್ಗುಲು ಬದಲಿಸುವಾಗ, ಗಾಯ ತೊಳೆಯುವಾಗ ಬರುವುದನ್ನು ‘ಅಲುಗಿದಾಗಿನ ನೋವು’ ಎಂದು ಬೇರೆಯಾಗಿ ಬರೆಯಿರಿ. ಅದು ಯಾವಾಗ ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ, ವೈದ್ಯರು ಬರೆದುಕೊಟ್ಟ ಹೆಚ್ಚುವರಿ ಡೋಸನ್ನು ಅರ್ಧ ಗಂಟೆ ಮುಂಚೆ ಕೊಡಬಹುದು. ಇನ್ನೊಂದು, ಮುಂದಿನ ಡೋಸಿಗೆ ಇನ್ನೂ ಅರ್ಧ-ಮುಕ್ಕಾಲು ಗಂಟೆ ಇರುವಾಗ ದಿನವೂ ತಲೆಯೆತ್ತುವ ನೋವು. ಇದು ‘ಮದ್ದು ಸಾಲದ ನೋವು’. ಇದಕ್ಕೆ ಹೆಚ್ಚುವರಿ ಮಾತ್ರೆ ಕೊಡುತ್ತಾ ಹೋದರೆ ಬಗೆಹರಿಯುವುದಿಲ್ಲ, ಹೊತ್ತಿನ ಡೋಸನ್ನೇ ವೈದ್ಯರು ಏರಿಸಬೇಕು. ನೋವು ಬಂದ ಗಂಟೆಯನ್ನು ಮನೆಯವರು ಬರೆದಿಟ್ಟರೆ ಯಾವ ಬಗೆಯೆಂದು ಕಾಗದವೇ ಹೇಳುತ್ತದೆ.

ಲೆಕ್ಕಕ್ಕೂ ಒಂದು ಸಾಲು ಇರಲಿ. ಉದಾಹರಣೆಗೆ, 4 ಗಂಟೆಗೊಮ್ಮೆ 10 ಮಿಲಿಗ್ರಾಂ ಎಂದರೆ ದಿನಕ್ಕೆ 60. ಒತ್ತರಿಸಿದಾಗಿನ ಡೋಸ್ ಸಾಮಾನ್ಯವಾಗಿ ಅದರ ಆರನೇ ಒಂದು ಪಾಲು, ಅಂದರೆ 10. ಮೂತ್ರಪಿಂಡ ಸೋತವರಿಗೆ ಈ ಲೆಕ್ಕ ಹೊಂದದು, ಮಾರ್ಫಿನ್ ಕರಗಿದ ಮೇಲೆ ಉಳಿಯುವ ಅಂಶಗಳು ಅವರ ಮೈಯಲ್ಲೇ ಶೇಖರವಾಗುತ್ತವೆ. ಆದ್ದರಿಂದ ಪತ್ರದಲ್ಲಿ ಅಂಕಿಯ ಜಾಗ ಖಾಲಿ ಬಿಡಿ, ವೈದ್ಯರು ತುಂಬಲಿ.

ಅಗತ್ಯವಿದ್ದಾಗ ಮಾತ್ರ ಕೊಡುವ ಮಾತ್ರೆಗೆ ವೈದ್ಯರು ಚೀಟಿಯಲ್ಲಿ ಬರೆಯುವ ‘ಎಸ್‌ಒಎಸ್’ ಎಂಬುದನ್ನು ‘ಬೇಕಾದರೆ’ ಎಂದು ಬರೆಯುವುದು ನನಗೆ ಸರಿಕಾಣದು. ಎಲ್ಲ ಮಾತ್ರೆಗೂ ಅದೇ ನಿಯಮವೆಂದುಕೊಂಡು, ನೋವು ಕಡಿಮೆಯಾದ ದಿನ ಎಲ್ಲವನ್ನೂ ನಿಲ್ಲಿಸುತ್ತಾರೆ. ಮಾರನೆಯ ದಿನ ನೋವು ಕೈಮೀರಿರುತ್ತದೆ. ಹೊತ್ತಿನ ಮಾತ್ರೆಗೆ ‘ನೋವು ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ’ ಎಂದೂ, ಇನ್ನೊಂದಕ್ಕೆ ‘ನೋವು ಒತ್ತರಿಸಿದರೆ ಮಾತ್ರ, ಇದನ್ನು ಕೊಟ್ಟರೂ ಹೊತ್ತಿನ ಮಾತ್ರೆ ಬಿಡಬಾರದು’ ಎಂದೂ ಬರೆಯಿರಿ.

ಅಳತೆಪಟ್ಟಿಯ ಕೊನೆಗೆ ‘ತಡೆದುಕೊಳ್ಳಲು ಆಗದಷ್ಟು ನೋವು’ ಸಾಕು. ‘ಹತ್ತಕ್ಕೆ ಎಷ್ಟು?’ ಎಂದಷ್ಟೇ ಕೇಳಿದರೆ ಪರೀಕ್ಷೆಯ ಅಂಕದಂತೆ ಹತ್ತು ಒಳ್ಳೆಯದೆಂದು ತಿಳಿಯುವವರಿದ್ದಾರೆ. ಎರಡೂ ತುದಿಯನ್ನು ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ಮಲಗಿದಾಗ ಎಷ್ಟು, ಅಲುಗಿದರೆ ಎಷ್ಟು ಎಂದು ಎರಡು ಸಲ ಕೇಳುವುದೂ ಮುಖ್ಯ. ಅಂಕಿ ಒಗ್ಗದವರಿಗೆ ‘ಇಲ್ಲ, ಸ್ವಲ್ಪ, ಜಾಸ್ತಿ, ತಡೆಯಲಾಗದು’ ಎಂಬ ನಾಲ್ಕು ಮಾತು ಸಾಕಾಗುತ್ತದೆ.

‘ವೇದನೆ’ಯನ್ನು ಪತ್ರದಿಂದ ಪೂರ್ತಿ ತೆಗೆಯಿರಿ ಎಂಬುದು ನನ್ನ ಕೋರಿಕೆ. ರೋಗಿ ಹೇಳಿದ ಮಾತನ್ನು ಹಾಗೆಯೇ ಬರೆಯಲು ಒಂದು ಸಾಲು ಇರಲಿ. ‘ಖಾರ ಸವರಿದ ಹಾಗೆ ಉರಿ’, ‘ಕರೆಂಟ್ ಹೊಡೆದ ಹಾಗೆ’, ‘ಇರುವೆ ಹರಿದ ಹಾಗೆ ಜುಮುಜುಮು’ ಎಂದರೆ ನರದ ನೋವಿನ ಸುಳಿವು. ಅದಕ್ಕೆ ಮಾರ್ಫಿನ್ ಒಂದೇ ಸಾಲದೆ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಅಥವಾ ಗ್ಯಾಬಪೆಂಟಿನ್ ಸೇರಿಸಬೇಕಾಗಬಹುದು. ಇದನ್ನೆಲ್ಲ ‘ತೀವ್ರ ವೇದನೆ’ ಎಂದು ಬರೆದರೆ ಆ ಸುಳಿವು ಅಲ್ಲೇ ಅಳಿಸಿಹೋಗುತ್ತದೆ.

‘ಸಂಕಟ’ ಎಂದವರಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ‘ನೋಯುತ್ತಿದೆಯೋ, ವಾಂತಿ ಬಂದ ಹಾಗಾಗುತ್ತಿದೆಯೋ?’ ಮಾರ್ಫಿನ್ ಶುರುಮಾಡಿದ ಮೊದಲ ಕೆಲವು ದಿನ ಹೊಟ್ಟೆ ತೊಳೆಸುವುದು ಸಾಮಾನ್ಯ. ಅದನ್ನು ನೋವೆಂದು ಬರೆದುಕೊಂಡು ಇನ್ನೊಂದು ಡೋಸ್ ಕೊಟ್ಟರೆ ತೊಳಸು ಇನ್ನೂ ಹೆಚ್ಚುತ್ತದೆ, ಮನೆಯವರು ಔಷಧವೇ ಆಗಿಬರುತ್ತಿಲ್ಲವೆಂದು ಬಿಟ್ಟುಬಿಡುತ್ತಾರೆ.