ಅಪ್‌ಡೇಟ್: ನೆಲದಡಿ ಕೇಬಲ್‌ನ ದೋಷ ಕೊನೆಗೂ ಸಿಕ್ಕಿತು

ಕೊಳವೆಬಾವಿ ಪಂಪಿನ, ಪ್ಲಾಸ್ಟಿಕ್ ನಿರೋಧಕ ಹೊದಿಕೆಯ ಎಕ್ಸ್‌ಎಲ್‌ಪಿಇ ಕೇಬಲ್‌ನಲ್ಲಿ ಒಂದು ಎಳೆ ಆರ್ಮರ್‌ಗೆ (ಹೊರಗಿನ ಲೋಹದ ರಕ್ಷಾಕವಚಕ್ಕೆ) ತಗಲಿರುವ ಜಾಗವನ್ನು, ಇಡೀ ಸಾಲು ಅಗೆಯದೆ ಪತ್ತೆಹಚ್ಚುವುದು ಹೇಗೆಂದು ಇಲ್ಲಿ ಕೇಳಿದ್ದೆ. ಮೆಗ್ಗರ್ (ವಿದ್ಯುತ್ ನಿರೋಧನ ಅಳೆಯುವ ಉಪಕರಣ) ಹಾಕಿ ನೋಡುವ ಸಲಹೆಯಿಂದ ದೋಷವಿದೆ ಎಂಬುದು ಖಚಿತವಾಯಿತೇ ಹೊರತು ಎಲ್ಲಿದೆ ಎಂಬುದು ತಿಳಿಯಲಿಲ್ಲ.

ಕೆಲಸಕ್ಕೆ ಬಂದದ್ದು, ಟಿಡಿಆರ್ (ಕೇಬಲ್‌ಗೆ ವಿದ್ಯುತ್ ಸ್ಪಂದನ ಕಳಿಸಿ, ಅದು ಪ್ರತಿಫಲಿಸಿ ಮರಳುವ ಸಮಯದಿಂದ ದೂರ ತೋರಿಸುವ ಉಪಕರಣ) ಬಾಡಿಗೆಗೆ ತಂದು, ಪಂಪನ್ನು ಬಿಡಿಸಿ, ಸರಿಯಿರುವ ಎಳೆಯನ್ನೇ ಮೊದಲು ಅಳೆಯಿರಿ ಎಂದವರ ಮಾತು. ಬಿಲ್ಲಿನ ಪ್ರಕಾರ ಕೇಬಲ್ 330 ಮೀಟರ್. ಉಪಕರಣ ತೋರಿಸಿದ್ದು 396, ಏಕೆಂದರೆ ಬಾಡಿಗೆಗೆ ಬಂದಾಗಲೇ ಅದರಲ್ಲಿ ವೇಗದ ಗುಣಾಂಕ (ಸ್ಪಂದನ ಕೇಬಲ್‌ನಲ್ಲಿ ಬೆಳಕಿನ ವೇಗದ ಎಷ್ಟು ಪಾಲಿನಲ್ಲಿ ಸಾಗುತ್ತದೆ ಎಂಬ ಸಂಖ್ಯೆ) 0.66 ಎಂದಿತ್ತು. ಅದನ್ನು 0.55ಕ್ಕೆ ಇಳಿಸಿದ ಕೂಡಲೇ ಉದ್ದ ತಾಳೆಯಾಯಿತು. ಕೆಟ್ಟ ಎಳೆಯಲ್ಲಿ ಉಪಕರಣದ ಪರದೆಯ ಗೆರೆ ಕೆಳಕ್ಕೆ ಕುಸಿಯುತ್ತಿದ್ದ ಜಾಗವೂ 198ರಿಂದ 165 ಮೀಟರಿಗೆ ಸರಿಯಿತು. ಅಲ್ಲಿ ಅಗೆದಾಗ ಬೇಲಿಯ ಕಬ್ಬಿಣದ ಗೂಟ ಕೇಬಲ್‌ನ ಪಕ್ಕೆಯನ್ನು ಸೀಳಿದ್ದು ಕಂಡಿತು. ಒಳಗಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿತ್ತು.

ನನಗೆ ಅಚ್ಚರಿಯೆನಿಸಿದ್ದು ಬೇರೆಯೇ: ಸುಮಾರು 50 ಓಮ್ ಇಂಪೀಡನ್ಸ್‌ನ (ಸಾಗುವ ಸ್ಪಂದನಕ್ಕೆ ಕೇಬಲ್ ಒಡ್ಡುವ ತಡೆಯ) ಕೇಬಲ್‌ನಲ್ಲಿ ಸೋರಿಕೆಯ ರೋಧ 500 ಓಮ್ ಇದ್ದರೆ ಮರಳುವ ಪ್ರತಿಫಲನ ಶೇಕಡಾ 5ರಷ್ಟೂ ಇರುವುದಿಲ್ಲ, ಗೆರೆಯಲ್ಲಿ ಜಾಯಿಂಟ್‌ಗಳು ಮೂಡಿಸುವ ಸಣ್ಣ ಉಬ್ಬುಗಳ ನಡುವೆ ಅದು ಕಳೆದೇಹೋಗಬಹುದು. ನನ್ನ ಕೇಬಲ್‌ನಲ್ಲಿ ಎಳೆ ನೇರವಾಗಿಯೇ ಆರ್ಮರ್‌ಗೆ ತಗಲಿದ್ದರಿಂದ ಆ ತೊಡಕು ಬರಲಿಲ್ಲ.