ಅಟ್ಟದ ಮೇಲಿದ್ದ ಗಿಟಾರ್: ನಿಜಕ್ಕೂ ದೊರೆ ಕಾಲದ್ದಾ?

ಮೂಡಿಗೆರೆ ಮಳೆ:
ತಾತನ ಆಸ್ತಿ ಪಾಲಾದಾಗ ಅಣ್ಣನಿಗೆ ಜೀಪು ಹೋಯ್ತು, ನನಗೆ ಅಟ್ಟದ ಮೇಲಿದ್ದ ಗಿಟಾರ್ ಬಂತು. ನಗ್ಬೇಡಿ. ತಾತ ಕಾಫಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ರು. ತೋಟ ಮಾರಿ ಊರಿಗೆ ಹೊರಟ ಇಂಗ್ಲಿಷ್ ದೊರೆ ಕೊಟ್ಟು ಹೋಗಿದ್ದು ಅಂತ ಮನೇಲಿ ಎಲ್ಲರೂ ಹೇಳೋದು. ಹಾಗಾದ್ರೆ 1947ಕ್ಕಿಂತ ಹಳೇದಿರಬೇಕಲ್ವಾ?

ಒಳಗಿನ ಚೀಟಿಯನ್ನ ಹುಳ ತಿಂದು ಜರಡಿ ಮಾಡಿದೆ. ತಲೆ ಬುಡದಲ್ಲಿ ತಂತಿ ಕೂರೋ ಪಟ್ಟಿ ಇರುತ್ತಲ್ಲ, ಆ ನಟ್‌ಗೆ ಅಂಟಿಕೊಂಡ ಹಾಗೆ ಒಂದು ಫ್ರೆಟ್ (ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಗೆರೆ) ಜಾಸ್ತಿ ಇದೆ. ಕುತ್ತಿಗೆ ಹಿಂದೆ ಉದ್ದಕ್ಕೂ ಸಣ್ಣ ಸಣ್ಣ ಗೆರೆ, ಎಣಿಸೋಕೆ ಹೋಗಿ ಕಣ್ಣು ನೋವು ಬಂತು. ನಮ್ಮೂರ ಬಡಗಿ ನೋಡಿ, "ಪ್ಲೈವುಡ್ಡು ಕಣಮ್ಮ, ಬಚ್ಚಲ ಒಲೆಗೆ ಹಾಕು" ಅಂದ. ತಲೆ ಹಿಂದೆ ಒಂದು ಉದ್ದದ ನಂಬರು ಒತ್ತಿದೆ, ಪಕ್ಕದಲ್ಲಿ ಬಿಡಿಯಾಗಿ "62 ಡಿ". ಗೊತ್ತಿದ್ದೋರು ಹೇಳಿ.

ಹಾಸನದ ತಂತಿ:
ಮೊದಲು ಅದನ್ನ ಕಾಫಿ ಕಣದಲ್ಲಿ ಬಿಸಿಲಿಗೆ ಇಡಬೇಡಿ! ನಮ್ಮ ಮಾವ ಇಟ್ಟಿದ್ರು, ಸಂಜೆಗೆ ಬ್ರಿಡ್ಜ್, ಅದೇ ಮೈ ಮೇಲೆ ತಂತಿ ಕೂರೋ ಮರದ ತುಂಡು, ಎದ್ದು ಕೂತಿತ್ತು. ಹೊಸ ಸ್ಟೀಲ್ ತಂತಿಯನ್ನೂ ಈಗಲೇ ಬಿಗೀಬೇಡಿ. ತೆಳು ತಂತಿ ಆದ್ರೂ ಆರೂ ಸೇರಿ 70 ಕೆಜಿ ಹತ್ರ ಎಳೆಯುತ್ತೆ. ವಾರ್ನಿಷ್ ಮಾತಂತೂ ಎತ್ತಲೇಬೇಡಿ.

ಬೇಲೂರು ಬೇಸ್:
ಬಡಗಿ ಪ್ಲೈವುಡ್ಡು ಅಂದಿದ್ದೇ ನಿಮ್ಮ ಸುಳಿವು. ಅದು ಜರ್ಮನಿಯ ಫ್ರಾಮಸ್ ಅನ್ಸುತ್ತೆ. ಫ್ರೆಡ್ ವಿಲ್ಫರ್ 1946ರಲ್ಲಿ ಶುರು ಮಾಡಿದ ಕಂಪನಿ. ಕುತ್ತಿಗೆ ಬಾಗಬಾರದು ಅಂತ ಬೀಚ್ ಮರದ ತೆಳು ಪದರಗಳನ್ನ ಅಂಟಿಸಿ ಮಾಡ್ತಿದ್ರು. ನಟ್ ಪಕ್ಕದ್ದು ಜೀರೋ ಫ್ರೆಟ್, ಆ ಕಾಲದ ಯುರೋಪ್ ಗಿಟಾರ್‌ಗಳಲ್ಲಿ ಮಾಮೂಲು. ಬಿಡಿ ನಂಬರಿನಲ್ಲಿ ಅಂಕಿ ವರ್ಷ, ಅಕ್ಷರ ತಿಂಗಳು: ಎ ಅಂದ್ರೆ ಜನವರಿ, ಎಲ್ ಅಂದ್ರೆ ಡಿಸೆಂಬರ್. ನಿಮ್ಮದು 1962ರ ಏಪ್ರಿಲ್. ಕುತ್ತಿಗೆ ನೆಟ್ಟಗಿದೆಯಾ, ಒಂದು ಕಣ್ಣು ಮುಚ್ಚಿ ತಲೆ ಕಡೆಯಿಂದ ನೋಡಿ ಹೇಳಿ.

ಕೊಟ್ಟಿಗೆಹಾರ:
ಹಾಗಂತ ದೊರೆ ಕಥೆ ಸುಳ್ಳಾಗಲ್ಲ. 47 ಆದ ಮೇಲೂ ಎಷ್ಟೋ ದೊರೆಗಳು ನಮ್ಮ ಕಡೆ ತೋಟ ಇಟ್ಕೊಂಡೇ ಇದ್ರು. ಅದಿರಲಿ, ಮಾರೋದಾದ್ರೆ ರೇಟ್ ಎಷ್ಟು?

ಮೂಡಿಗೆರೆ ಮಳೆ:
ಮಾರಲ್ಲ. ಇಷ್ಟು ಮಳೆಗಾಲ ಅಟ್ಟದಲ್ಲಿ ಕಳೆದ್ರೂ ಕುತ್ತಿಗೆ ಅಡಿಕೋಲಿನ ಹಾಗೆ ನೆಟ್ಟಗಿದೆ. ಬಡಗಿಗೂ ತೋರಿಸಿ ಬಂದೆ.

1962 ಅಂತ ಅಜ್ಜಿಗೆ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಕಿಸಕ್ಕನೆ ನಕ್ರು. "ನಂಬರು ಬೇರೆ ಹಾಕಿದ್ನಾ ಆ ಜರ್ಮನಿಯವನು? ಬೋನಸ್ ದುಡ್ಡಲ್ಲಿ ನಂಗೆ ಬಳೆ ತರ್ತೀನಿ ಅಂತ ಬೆಂಗಳೂರಿಗೆ ಹೋದೋರು ಇದನ್ನ ಹೊತ್ಕೊಂಡು ಬಂದ್ರು ಕಣೇ. ಮಾವನೋರು ಬೈತಾರೆ ಅಂತ, ದೊರೆ ಕೊಟ್ಟಿದ್ದು ಅನ್ನಿ ಅಂತ ಹೇಳ್ಕೊಟ್ಟಿದ್ದು ನಾನೇ."