ಇಂದ್ರಾಯಣಿ ನದಿಯಲ್ಲಿ ಸಿಕ್ಕ ಪುಟ್ಟ ಮೀಸೆಮೀನು, ಬಕೆಟ್ ಗೋಡೆಗೆ ಅಂಟುತ್ತೆ. ಯಾವುದಿದು?

ಪುಣೆ_ಗಾಳ:
ಪುಣೆ ಜಿಲ್ಲೆಯ ಕಾಮಶೇತ್ ಹತ್ತಿರ, ಕಲ್ಲುಗಳ ನಡುವೆ ನೀರು ರಭಸ ಇರುವ ಕಡೆ ಎರೆಹುಳಕ್ಕೆ ಕಚ್ಚಿದ್ದು. ಸುಮಾರು 7 ಸೆಂ.ಮೀ., ಕಂದು ಮೈ, ಮೀಸೆ ಇದೆ. ಜೊತೆಗಿದ್ದವರು ಅಕ್ವೇರಿಯಂನ ಸಕ್ಕರ್ ಅಂತಾರೆ. ಮೀನು ಇನ್ನೂ ಬಕೆಟ್‌ನಲ್ಲಿದೆ, ಮೇಲಿಂದ ತೆಗೆದ ಫೋಟೊ ಹಾಕಿದ್ದೇನೆ.

ಹೊಳೆದಂಡೆ:
ಮೇಲಿಂದ ನೋಡಿದರೆ ಇವೆಲ್ಲ ಒಂದೇ ಥರ ಕಾಣ್ತಾವ್ರಿ. ಹೊಟ್ಟೆ ಕಡೆ ನೋಡಿ, ಯಾವ ಭಾಗದಿಂದ ಅಂಟಿದೆ ಅನ್ನೋದೇ ಮುಖ್ಯ. ಬಾಯಿಯೇ ಹೀರುಬಟ್ಟಲಾಗಿ, ಮೈಗೆಲ್ಲ ಗಟ್ಟಿ ಮೂಳೆಯ ಹಲಗೆಗಳಿದ್ದರೆ ಸಕ್ಕರ್. ಹೊರಗಿನ ಮೀನು, ನದಿಗೆ ವಾಪಸ್ ಬಿಡಬೇಡಿ. ಕೆಳತುಟಿಯ ಹಿಂದೆ ದುಂಡನೆ ಬಿಲ್ಲೆ, ಮೈಮೇಲೆ ಹುರುಪೆ, ಮೀಸೆ ಎರಡೇ ಜೋಡಿ ಅಂದರೆ ಗಾರಾ ಅನ್ನೋ ಹೊಳೆ ಮೀನು. ಎದೆಯ ಚರ್ಮವೇ ಮಡಿಕೆ ಮಡಿಕೆಯಾಗಿದ್ದರೆ ಗ್ಲಿಪ್ಟೊಥೊರಾಕ್ಸ್ ಅನ್ನೋ ಮೀಸೆಮೀನು.

ಮೀಸೆಮಾವ:
ಕೈಯಲ್ಲಿ ಹಿಂಡಿ ಹಿಡಿದು ತಿರುಗಿಸಬೇಡಿ. ಗ್ಲಿಪ್ಟೊಥೊರಾಕ್ಸ್ ಆದರೆ ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಮುಳ್ಳು ಚುಚ್ಚುತ್ತವೆ. ಪಾರದರ್ಶಕ ಡಬ್ಬಿಗೆ ಅದೇ ನದಿ ನೀರು ಹಾಕಿ ಮೀನು ಬಿಡಿ. ತಾನಾಗಿ ತಳಕ್ಕೆ ಅಂಟುತ್ತೆ, ಆಗ ಡಬ್ಬಿ ಎತ್ತಿ ಕೆಳಗಿಂದ ಫೋಟೊ ತೆಗೆಯಿರಿ. ಪಕ್ಕದ ಫೋಟೊಗೆ ಸ್ಕೇಲ್ ಇಡಿ. ಬಿಸಿಲು ಬೇಡ, ರಭಸದ ನೀರಿನ ಮೀನು ಬೆಚ್ಚಗಿನ ನಿಂತ ನೀರಲ್ಲಿ ಬೇಗ ಸೋಲುತ್ತೆ. ಸತ್ತ ಮೇಲೆ ಬಣ್ಣ ಮಾಸುತ್ತೆ, ಆಮೇಲೆ ಪಟ್ಟೆ, ಚುಕ್ಕೆ ನಂಬಿ ಪ್ರಯೋಜನವಿಲ್ಲ.

ಪುಣೆ_ಗಾಳ:
ಹಾಕಿದೆ ನೋಡಿ. ಎದೆಯ ಮೇಲೆ ಉದ್ದುದ್ದ ಮಡಿಕೆ, ಮೀಸೆ ನಾಲ್ಕು ಜೋಡಿ, ಹುರುಪೆ ಇಲ್ಲ. ಬೆನ್ನುರೆಕ್ಕೆಯ ಹಿಂದೆ ಮೆತ್ತನೆಯ ಇನ್ನೊಂದು ಪುಟ್ಟ ರೆಕ್ಕೆ. ಲೋಚ್ (ಹೊಳೆ ತಳದ ಸಣ್ಣ ಮೀಸೆಯ ಮೀನು) ಇರಬಹುದಾ?

ಹೊಳೆದಂಡೆ:
ಇಲ್ರಿ. ಲೋಚ್‌ಗೆ ಎದೆಯ ಮಡಿಕೆಯೂ ಇರಲ್ಲ, ಆ ಮೆತ್ತನೆ ರೆಕ್ಕೆಯೂ ಇರಲ್ಲ. ಇದು ಗ್ಲಿಪ್ಟೊಥೊರಾಕ್ಸ್, ಇಲ್ಲಿನದೇ ಬೆಟ್ಟದ ಹೊಳೆ ಮೀನು. ಪ್ರಭೇದ ಮಾತ್ರ ಈ ಫೋಟೊದಿಂದ ಹೇಳಲಾಗದು. 1938ರಲ್ಲಿ ಮೀನುತಜ್ಞ ಹೋರಾ ಹೆಸರಿಟ್ಟ ಪೂನಾಯೆನ್ಸಿಸ್ ಪ್ರಭೇದ ಪುಣೆಯದೇ, ಆದರೆ 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ವಿವರಿಸಿದ ಲೋನಾ ಪ್ರಭೇದ ಕೂಡ ದಖ್ಖನ್ನಿನದೇ. ಪುಣೆಯಲ್ಲಿ ಸಿಕ್ಕಿತು ಅಂತ ಪೂನಾಯೆನ್ಸಿಸ್ ಎಂದು ಬರೆದುಕೊಳ್ಳಬೇಡಿ. ಎದೆಯ ಮಡಿಕೆಗಳು ಮತ್ತು ಬಾಲದ ಬುಡ ಎರಡನ್ನೂ ಹತ್ತಿರದಿಂದ ತೆಗೆದು, ಹಿಡಿದ ಅದೇ ಕಲ್ಲುಗಳ ಹತ್ತಿರ ಬಿಟ್ಟುಬಿಡಿ.